ಹದಿನಾಲ್ಕರಲ್ಲಿ ನಿಂತ ಎಣಿಕೆ

ಸಣ್ಣ ಮಕ್ಕಳಿಗೆ ಎಣಿಸಲು ಕಲಿಸುವುದು ಸುಲಭವೆಂದು ಹೇಳುವವರಿದ್ದರೆ ಅವರು ಒಂದನೇ ತರಗತಿಯಲ್ಲಿ ಒಂದು ವಾರ ನಿಂತು ತೋರಿಸಲಿ. ನಾನು ಕೆಲಸದಲ್ಲಿದ್ದ ಅಷ್ಟೂ ವರ್ಷ ನಿಂತಿದ್ದೇನೆ. ಒಂದರಿಂದ ನೂರು ಬಾಯಿಪಾಠ ಮಾಡಿಸುವುದು ಏನೂ ಅಲ್ಲ. ರಾಗ ಹಾಕಿ ಹೇಳಿಸಿದರೆ ಸೂರು ಹಾರುವ ಹಾಗೆ ಹೇಳುತ್ತಾರೆ. ಹಾಗೆ ನೂರರವರೆಗೆ ಹೇಳಿ ಮುಗಿಸಿದ ಮಗುವನ್ನು ಕರೆದು, "ಆ ಡಬ್ಬಿಯಿಂದ ನಾಲ್ಕು ಹುಣಸೆಬೀಜ ತಾ" ಎನ್ನಬೇಕು. ಅದು ಒಂದು ಹಿಡಿ ತಂದು ಮೇಜಿನ ಮೇಲೆ ಸುರಿಯುತ್ತದೆ.

"ನಾಲ್ಕು ಅಂದೆನಲ್ಲ?"

"ಇದರಲ್ಲಿ ನಾಲ್ಕು ಉಂಟು ಟೀಚರ್. ನೀವೇ ತೆಗೊಳ್ಳಿ."

ಇನ್ನೊಬ್ಬನನ್ನು, "ನಿಮ್ಮ ಮನೆಯಲ್ಲಿ ಎಷ್ಟು ಮಂದಿ?" ಎಂದು ಕೇಳಿದೆ. ಅವನು ಸ್ವಲ್ಪ ಯೋಚಿಸಿ, "ಊಟಕ್ಕಾ, ಮಲಗ್ಲಿಕ್ಕಾ?" ಎಂದ. ತರಗತಿಯೆಲ್ಲ ನಕ್ಕಿತು. ನಾನು ನಗಲಿಲ್ಲ. ಗಣಿತದ ಅವಧಿ ಮೂವತ್ತು ನಿಮಿಷ; ಅದರಲ್ಲಿ ಎಂಟು ನಿಮಿಷ ಇಂಥದ್ದಕ್ಕೇ ಹೋಗುತ್ತಿತ್ತು.

ನಾನು ಮೂಡುಬಿದಿರೆಯವಳು. ನಮ್ಮ ಮನೆಯಲ್ಲಿ ಐದು ಗಂಟೆಗೆ ಏಳಬೇಕು, ಆರಕ್ಕೆ ಸ್ನಾನ ಆಗಿರಬೇಕು, ಏಳಕ್ಕೆ ಮಗ್ಗಿ ಹೇಳಬೇಕು. ತಂದೆ ಗುಮಾಸ್ತರಾಗಿದ್ದರು. ಕೊಡೆ ಇಡುವ ಮೊಳೆಗೆ ಟೋಪಿ ಇಟ್ಟರೆ ಅವರಿಗೆ ಅಂದಿನ ಊಟ ಸೇರುತ್ತಿರಲಿಲ್ಲ. ಶಿಕ್ಷಕರ ತರಬೇತಿಯಲ್ಲೂ ಗಂಟೆಗೊಂದು ಕೆಲಸ, ಕೆಲಸಕ್ಕೊಂದು ಗಂಟೆ. ನನಗೆ ಅದು ಕಷ್ಟವೆನಿಸಲೇ ಇಲ್ಲ. ಪಾಠ ಹೇಗೆ ಶುರುಮಾಡಬೇಕು, ಎಷ್ಟು ಹೊತ್ತಿಗೆ ಬೀಜ ಹಂಚಬೇಕು, ಎಷ್ಟು ಹೊತ್ತಿಗೆ ಸ್ಲೇಟು ಒರೆಸಬೇಕು, ಎಲ್ಲ ಬರೆದಿಟ್ಟುಕೊಂಡಿದ್ದೆ. ಮೊದಲ ಎರಡು ವರ್ಷ ಬಂಟ್ವಾಳ ಪೇಟೆಯ ಶಾಲೆಯಲ್ಲಿದ್ದೆ. ಅಲ್ಲಿ ಅಂಗಡಿಯವರ ಮಕ್ಕಳು, ಪಾಣೆಮಂಗಳೂರಿನಿಂದ ಸೇತುವೆ ದಾಟಿ ಬರುವ ವ್ಯಾಪಾರಿಗಳ ಮಕ್ಕಳು. ಮನೆಯಲ್ಲೇ ಲೆಕ್ಕ ಕೇಳಿ ಬೆಳೆದವರು. ಆರು ತಿಂಗಳಲ್ಲಿ ನೂರರವರೆಗೆ ಬೀಜ ಎಣಿಸಿ ಇಡುತ್ತಿದ್ದರು. ಅದು ನನ್ನ ಕ್ರಮದ ಫಲ ಎಂದು ನಾನು ತಿಳಿದುಕೊಂಡಿದ್ದೆ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಒಂದೆರಡು ವರ್ಷದ ಮೇಲೆ ನನಗೆ ಬೆಳ್ತಂಗಡಿಗೆ ವರ್ಗವಾಯಿತು. ಪೇಟೆಗಲ್ಲ, ಲಾಯಿಲ ದಾಟಿ ಗದ್ದೆಯ ಬದುವಿನಲ್ಲಿ ನಡೆದು ಹೋಗಬೇಕಾದ ಒಂದು ಶಾಲೆಗೆ. ಹುಲ್ಲಿನ ಮಾಡಿನ ಒಂದೇ ಉದ್ದ ಕೋಣೆ, ನಡುವೆ ಬಿದಿರಿನ ತಟ್ಟಿ. ತಟ್ಟಿಯ ಆಚೆ ಹೆಡ್ಮಾಸ್ಟ್ರು ಮೂರು, ನಾಲ್ಕು, ಐದನೆಯವರನ್ನು ಇಟ್ಟುಕೊಂಡಿದ್ದರು. ಈಚೆ ನಾನು ಒಂದು, ಎರಡನೆಯವರನ್ನು. ಹೆಡ್ಮಾಸ್ಟ್ರು ಅಳದಂಗಡಿ ಕಡೆಯವರು, ನಿವೃತ್ತಿಗೆ ಹತ್ತಿರವಾಗಿದ್ದರು, ಒಳ್ಳೆಯ ಮನುಷ್ಯ. ಆದರೆ ಹತ್ತರ ಗಂಟೆ ಅವರ ಕೈಯಲ್ಲಿ ಹತ್ತೂಕಾಲಕ್ಕೆ ಹೊಡೆಯುತ್ತಿತ್ತು. ನಾನು ಹೋದ ಮೂರನೇ ದಿನ ಗಂಟೆಯ ಕೋಲನ್ನು ನನ್ನ ಮೇಜಿಗೆ ತಂದಿಟ್ಟುಕೊಂಡೆ.

"ಒಳ್ಳೇದಾಯ್ತು ಮಾರಾಯ್ರೇ, ನನಗೊಂದು ಕೆಲಸ ಕಡಿಮೆ" ಎಂದರು ಅವರು.

ಒಂದನೇ ತರಗತಿಯ ಹಲಗೆಯಲ್ಲಿ ಕೊನೆಗೆ ಕೂತಿದ್ದ ಹುಡುಗಿ ಉಳಿದವರಿಗಿಂತ ಒಂದು ಗೇಣು ಎತ್ತರವಿದ್ದಳು. ಒಂಬತ್ತು ವರ್ಷ ಇರಬಹುದು. ಒಂದನೆಯಲ್ಲಿ ಅವಳಿಗೆ ಅದು ಮೂರನೇ ವರ್ಷ. ಎರಡು ಸಲ ಗಣಿತದಲ್ಲಿ ಹೋಗಿತ್ತು. ಓದು ಚೆನ್ನಾಗಿತ್ತು, ಮುಂದಿನ ಹಲಗೆಯವರ ಎರಡನೇ ಪುಸ್ತಕವನ್ನು ಅವರ ಹೆಗಲ ಮೇಲಿಂದ ಓದಿ ಮುಗಿಸಿದ್ದಳು. ತಾಯಿ ಘಟ್ಟದ ಮೇಲೆ ಕಾಫಿ ತೋಟದ ಕೆಲಸಕ್ಕೆ ಹೋದವಳು ವರ್ಷಕ್ಕೊಮ್ಮೆ ಬರುತ್ತಿದ್ದಳಂತೆ. ಹುಡುಗಿ ಇದ್ದದ್ದು ಅಜ್ಜಿಯ ಜೊತೆ.

ಶಾಲೆ ಶುರುವಾದ ವಾರವೇ ಆ ಅಜ್ಜಿ ಬಂದರು. ಜಗಲಿಯ ಕೆಳಗೆ ನಿಂತು ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಟೀಚರಮ್ಮ, ಇದೊಂದು ವರ್ಷ ನೋಡ್ತೇನೆ. ಈ ಸಲವೂ ಒಂದರಲ್ಲೇ ಕೂರಿಸ್ತೀರಾದ್ರೆ ಇನ್ನು ಕಳಿಸುವುದಿಲ್ಲ. ನನ್ನ ಸೊಂಟ ಹೋಯ್ತು. ಮನೆಯಲ್ಲಿ ಕೆಲಸ ಉಂಟು."

"ಅವಳು ಕಲಿತರೆ ನಾನು ಯಾಕೆ ಕೂರಿಸ್ತೇನೆ ಅಜ್ಜಿ?"

"ಕಲೀಲಿಕ್ಕೆ ಅವಳಿಗೆ ಆಸೆ ಉಂಟು. ಅಷ್ಟು ನನಗೆ ಗೊತ್ತುಂಟು" ಎಂದು ಹೇಳಿ ಹೋದರು.

ಆಸೆ ಇದ್ದದ್ದು ನಿಜ. ನಾನು ಒಂಬತ್ತೂಮುಕ್ಕಾಲಕ್ಕೆ ಶಾಲೆ ಮುಟ್ಟುವಾಗ ಅವಳು ಬಾಗಿಲಲ್ಲಿರುತ್ತಿದ್ದಳು. ಸ್ಲೇಟು ಒರೆಸುವ ನೀರುಕಡ್ಡಿಯನ್ನು ಎಲ್ಲರಿಗೂ ಸಾಕಾಗುವಷ್ಟು ತೋಡಿನ ಬದಿಯಿಂದ ಕಿತ್ತು ತಂದಿಟ್ಟಿರುತ್ತಿದ್ದಳು. ಇಂಥ ಮಗುವನ್ನು ಇಬ್ಬರು ಶಿಕ್ಷಕರು ಎರಡು ವರ್ಷ ಕೂರಿಸಿದ್ದಾರೆ ಎಂದರೆ ತಪ್ಪು ಅವರದ್ದೇ ಇರಬೇಕು, ನನ್ನ ಕ್ರಮದಲ್ಲಿ ದಸರೆಯೊಳಗೆ ಸರಿಮಾಡುತ್ತೇನೆ ಎಂದುಕೊಂಡೆ.

ಸರಿಯಾಗಲಿಲ್ಲ. ಎಲ್ಲರೊಡನೆ ರಾಗವಾಗಿ ಹೇಳುವಾಗ ಅವಳ ಬಾಯಿಯೂ ನೂರರವರೆಗೆ ಆಡುತ್ತಿತ್ತು. ಎದುರಿಗೆ ಬೀಜ ಸುರಿದು ಎಣಿಸು ಎಂದರೆ ಹದಿನಾಲ್ಕರವರೆಗೆ ಒಂದು ತಪ್ಪಿಲ್ಲ. ಹದಿನಾಲ್ಕು ಎಂದವಳು ಒಂದು ಕ್ಷಣ ನಿಲ್ಲುತ್ತಿದ್ದಳು. ಆಮೇಲೆ ಮುಂದಿನ ಬೀಜಕ್ಕೆ ಕೈಹಾಕಿ "ಒಂದು" ಎನ್ನುತ್ತಿದ್ದಳು.

"ಹದಿನಾಲ್ಕರ ಮೇಲೆ ಎಷ್ಟು?"

"ಹದಿನೈದು."

"ಗೊತ್ತುಂಟಲ್ಲ? ಹಾಗಾದ್ರೆ ಎಣಿಸು."

"...ಹದಿಮೂರು, ಹದಿನಾಲ್ಕು." ನಿಲುಗಡೆ. "ಒಂದು, ಎರಡು..."

ಮೂವತ್ತು ಬೀಜ ಕೊಟ್ಟು ಎಷ್ಟು ಎಂದು ಕೇಳಿದರೆ "ಎರಡು" ಎನ್ನುತ್ತಿದ್ದಳು. ಮೂವತ್ತಕ್ಕೆ ಎರಡು! ಒಮ್ಮೆ "ಎರಡು ಮತ್ತೆ ಎರಡು" ಎಂದಳು. "ಎರಡು ಮತ್ತೆ ಎರಡು ನಾಲ್ಕು. ನಿನ್ನ ಎದುರಿಗೆ ನಾಲ್ಕು ಬೀಜ ಉಂಟಾ?" ಎಂದು ನಾನು ಗದರಿದೆ. ಪಕ್ಕದ ಪುಟ್ಟವನೊಬ್ಬ, "ಅವಳಿಗೆ ಬೀಜ ಕಾಣುವುದಿಲ್ಲ ಟೀಚರ್, ಅವಳು ಉದ್ದ ಉಂಟಲ್ಲ" ಎಂದ. ಅವಳು ಅವನನ್ನು ನೋಡಿ ನಕ್ಕಳು. ಅವಳು ನಕ್ಕದ್ದು ನನಗೆ ಸರಿಬರಲಿಲ್ಲ.

ನಾನು ಮಾಡದ್ದಿಲ್ಲ. ನಿಲ್ಲಿಸಿ ಎಣಿಕೆ ಮಾಡಿಸಿದೆ. ಸಂಜೆ ನಾಲ್ಕಕ್ಕೆ ಗಂಟೆ ಹೊಡೆದ ಮೇಲೆ ಅರ್ಧ ಗಂಟೆ ಹೆಚ್ಚು ಕೂರಿಸಿದೆ. ಹದಿನೈದು ಎಂದು ಸ್ಲೇಟಿನಲ್ಲಿ ಐವತ್ತು ಸಲ ಬರೆಸಿದೆ. ಬೆರಳ ಗೆಣ್ಣಿಗೆ ರೂಲು ದೊಣ್ಣೆಯಲ್ಲಿ ಹೊಡೆದೆ, ಅದನ್ನೂ ಹೇಳಿಬಿಡುತ್ತೇನೆ. ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಅವಳು ಅಳುತ್ತಿರಲಿಲ್ಲ. ಕೈಯನ್ನು ಲಂಗಕ್ಕೆ ಒರೆಸಿಕೊಂಡು ಮತ್ತೆ ಒಂದರಿಂದ ಶುರುಮಾಡುತ್ತಿದ್ದಳು. ಅವಳ ಪ್ರಗತಿಯ ಪಟ್ಟಿಯಲ್ಲಿ ನಾನು ಅಂದವಾದ ಅಕ್ಷರದಲ್ಲಿ ಬರೆದೆ: ಹದಿನಾಲ್ಕರ ಮುಂದೆ ಎಣಿಸಲಾರಳು.

ದಸರೆ ಕಳೆದು ದೀಪಾವಳಿ ಬಂತು. ಒಂದು ದಿನ ಎಣಿಸುವಾಗ ಅವಳ ಮಡಿಲಲ್ಲಿ ಏನೋ ಟಿಕ್ಕೆಂದಿತು. ಎಬ್ಬಿಸಿ ನಿಲ್ಲಿಸಿದೆ. ಮೂರು ಸಣ್ಣ ಕಲ್ಲುಗಳು ಕೆಳಗೆ ಬಿದ್ದವು. ಅಂಗಳದ ಜಲ್ಲಿ. ನನ್ನ ತರಗತಿಯೊಳಗೆ ಕಲ್ಲು, ಕಡ್ಡಿ, ಕಾಯಿ ಯಾವುದೂ ಬರಬಾರದು ಎಂದು ಮೊದಲ ದಿನವೇ ಹೇಳಿದ್ದೆ.

"ಇದು ಶಾಲೆಯಾ, ಚೆನ್ನೆಮಣೆಯಾ? ಆಡ್ಲಿಕ್ಕೆ ಬಂದದ್ದಾ ನೀನು?"

"ಅಲ್ಲ ಟೀಚರ್."

"ಬಿಸಾಡು ಹೊರಗೆ."

ಬಿಸಾಡಿ ಬಂದಳು. ಆ ಮೇಲೆ ದಿನಾಲೂ ಕೂರುವ ಮೊದಲು ಅವಳ ಲಂಗ ಕೊಡವಿಸುತ್ತಿದ್ದೆ. ವಿಚಿತ್ರವೆಂದರೆ ಅಲ್ಲಿಂದ ಅವಳ ಎಣಿಕೆ ಇನ್ನೂ ಕೆಟ್ಟಿತು. ಮೊದಲು ಹದಿನಾಲ್ಕರವರೆಗಾದರೂ ಗಟ್ಟಿ ಇತ್ತು. ಈಗ ಹದಿನಾಲ್ಕಾದ ಮೇಲೆ ಎರಡನೇ ಸಲ ಎಣಿಸುವಾಗ ಮಧ್ಯದಲ್ಲೇ ನಿಂತು ಬೆರಳು ಮಡಚಿ ಬಿಡಿಸಿ, ಎಲ್ಲಿದ್ದೇನೆಂದು ತಿಳಿಯದೆ ನನ್ನ ಮುಖ ನೋಡುತ್ತಿದ್ದಳು. ನನಗೆ ತಲೆಕೆಟ್ಟುಹೋಯಿತು. ತಟ್ಟಿಯ ಆಚೆಯಿಂದ ಹೆಡ್ಮಾಸ್ಟ್ರು, "ಬಿಡಿ ಟೀಚರೇ, ಕೆಲವು ತಲೆಗೆ ಲೆಕ್ಕ ಹೋಗುವುದಿಲ್ಲ. ನನ್ನ ತಲೆ ನೋಡಿ" ಎಂದರು. ಅವರಿಗೆ ಗಣಿತ ಆಗುತ್ತಿರಲಿಲ್ಲ. ನಾಲ್ಕನೆಯವರ ಗಣಿತವನ್ನು ಮಧ್ಯಾಹ್ನ ನಾನೇ ಮಾಡುತ್ತಿದ್ದೆ.

ಪರೀಕ್ಷೆಗೆ ಮೂರು ವಾರ ಇರುವಾಗ ಒಂದು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ, ನಾನು ಅವಳ ಮನೆಗೆ ಹೊರಟೆ. ಪರೀಕ್ಷೆಗೂ ಮೊದಲೇ ಹೇಳಿಬಿಡುವುದು ನ್ಯಾಯ ಎಂದುಕೊಂಡಿದ್ದೆ. ಇವಳು ಈ ಸಲವೂ ಪಾಸಾಗುವುದಿಲ್ಲ, ನನ್ನಿಂದ ಆದದ್ದು ಮಾಡಿದ್ದೇನೆ. ಆ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಹೋದೆ.

ಅಜ್ಜಿ ದೊಡ್ಡ ಮನೆಗಳಿಂದ ಭತ್ತ ತಂದು, ಬೇಯಿಸಿ, ಒಣಗಿಸಿ, ಕುಟ್ಟಿ ಅಕ್ಕಿ ಮಾಡಿಕೊಡುವವರು. ತಂದ ಭತ್ತವನ್ನೂ ಕೊಡುವ ಅಕ್ಕಿಯನ್ನೂ ಅಳೆಯಬೇಕು. ನಾನು ಹೋದಾಗ ಅಂಗಳದ ಚಾಪೆಯ ಮೇಲೆ ಭತ್ತದ ರಾಶಿ ಇತ್ತು. ಅಜ್ಜಿ ಸೇರಿನಲ್ಲಿ ತುಂಬಿ, ಅಂಗೈಯಲ್ಲಿ ಬಾಯಿ ಸವರಿ, ಹೆಡಿಗೆಗೆ ಸುರಿಯುತ್ತಿದ್ದರು. "ಒಂಜಿ... ರಡ್ಡ್... ಮೂಜಿ..." ಎಂದು ದೇವರ ನಾಮ ಹೇಳುವಷ್ಟು ನಿಧಾನ. ಹುಡುಗಿ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದಳು. ಅಜ್ಜಿ "ಪದಿನಾಲ್", ಹದಿನಾಲ್ಕು, ಎಂದರು. ಹುಡುಗಿ ಬಲಗಡೆಯಿಂದ ಒಂದು ಕಲ್ಲು ತೆಗೆದು ಎಡಗಡೆ ಇಟ್ಟಳು. ಅಜ್ಜಿ ಮತ್ತೆ "ಒಂಜಿ" ಎಂದರು.

ನಾನು ಬೇಲಿಯ ಬಳಿ ನಿಂತುಬಿಟ್ಟೆ. ರಾಶಿ ಮುಗಿಯಿತು. ಅಜ್ಜಿ ಸೇರನ್ನು ಕವುಚಿಟ್ಟು, ತಿರುಗದೆಯೇ "ಎಷ್ಟಾಯ್ತು?" ಎಂದು ಕೇಳಿದರು. ಎಡಗಡೆ ಐದು ಕಲ್ಲುಗಳಿದ್ದವು. ಹುಡುಗಿ ಒಂದು ನೋಟ ನೋಡಿ ಹೇಳಿದಳು: "ಒಂದು ಮುಡಿ, ಎರಡು ಕಳಸೆ, ಐದು ಸೇರು."

ಹದಿನಾಲ್ಕು ಸೇರು ಒಂದು ಕಳಸೆ. ಮೂರು ಕಳಸೆ ಒಂದು ಮುಡಿ. ನಮ್ಮ ಜಿಲ್ಲೆಯಲ್ಲಿ ಭತ್ತ ಅಕ್ಕಿಯ ಅಳತೆ ಇದೇ. ನಾಲ್ಕನೆಯವರಿಗೆ ಈ ಕೋಷ್ಟಕವನ್ನು ಪ್ರತಿ ಮಂಗಳವಾರ, ಗುರುವಾರ ನಾನೇ ಬಾಯಿಪಾಠ ಮಾಡಿಸುತ್ತಿದ್ದೆ! ಬೆಳಿಗ್ಗೆ ಒಂದನೆಯವಳು ಹದಿನಾಲ್ಕಕ್ಕೆ ನಿಂತಳೆಂದು ಹೊಡೆಯುವುದು, ಮಧ್ಯಾಹ್ನ ತಟ್ಟಿಯ ಆಚೆ ಹೋಗಿ "ಹದಿನಾಲ್ಕು ಸೇರಿಗೆ?" "ಒಂದು ಕಳಸೇ!" ಎಂದು ಹೇಳಿಸುವುದು. ಎರಡನ್ನೂ ಒಂದೇ ಬಾಯಲ್ಲಿ ಮಾಡುತ್ತಿದ್ದೆ, ಒಂದಕ್ಕೊಂದು ತಾಗಿರಲಿಲ್ಲ. ಮೂಡುಬಿದಿರೆಯ ನಮ್ಮ ಮನೆಗೆ ಅಕ್ಕಿ ಬರುತ್ತಿದ್ದದ್ದು ಹುಲ್ಲಿನಲ್ಲಿ ಕಟ್ಟಿದ ಮುಡಿಯಾಗಿಯೇ. ಅದನ್ನು ಯಾರೋ ಒಬ್ಬರು ಸೇರು ಸೇರಾಗಿ ಎಣಿಸಿರುತ್ತಾರೆ ಎಂದು ನಾನು ಯೋಚಿಸಿದ್ದೇ ಇಲ್ಲ.

ಮನಸ್ಸಿನಲ್ಲೇ ಕೂಡಿಸಿದೆ. ನಲವತ್ತೆರಡು, ಇಪ್ಪತ್ತೆಂಟು, ಐದು. ಎಪ್ಪತ್ತೈದು. ಹದಿನಾಲ್ಕರ ಮುಂದೆ ಎಣಿಸಲಾರದವಳು ಎಪ್ಪತ್ತೈದು ಎಣಿಸಿದ್ದಳು. ತರಗತಿಯಲ್ಲಿ ಮೂವತ್ತು ಬೀಜಕ್ಕೆ "ಎರಡು ಮತ್ತೆ ಎರಡು" ಎಂದದ್ದು ಸರಿಯಾಗಿಯೇ ಇತ್ತು: ಎರಡು ಕಳಸೆ, ಎರಡು ಸೇರು. ಬೀಜಕ್ಕೆ ಕಳಸೆ ಸೇರು ಎನ್ನಬಾರದೆಂದು ಗೊತ್ತಿದ್ದುದರಿಂದ ಆ ಮಾತು ಬಿಟ್ಟು ಹೇಳಿದ್ದಳು. ಕಲ್ಲು ಬಿಸಾಡಿಸಿದ ಮೇಲೆ ಎಷ್ಟು ಕಳಸೆಯಾಯಿತೆಂದು ಹಿಡಿದಿಡಲು ಅವಳಲ್ಲಿ ಏನೂ ಉಳಿದಿರಲಿಲ್ಲ.

ನನಗೆ ಸಂತೋಷವಾಗಬೇಕಿತ್ತು. ಆದದ್ದು ಸಿಟ್ಟು.

"ಇದನ್ನು ನನಗೆ ಹೇಳ್ಬಾರದಿತ್ತಾ?" ಎಂದು ಹುಡುಗಿಯನ್ನು ಕೇಳಿದೆ.

ಅವಳು ಎದ್ದು ನಿಂತಳು. "ಕಲ್ಲು ಯಾಕೆ ಅಂತ ನೀವು ಕೇಳ್ಲಿಲ್ಲ ಟೀಚರ್. ಬಿಸಾಡು ಅಂದ್ರಿ."

ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಎಂತ ಟೀಚರಮ್ಮ, ಇಲ್ಲಿವರೆಗೆ ಬಂದದ್ದು?" ಎಂದರು. ವಿಷಯ ಹೇಳಿದೆ. ಅವರು ನಕ್ಕರು. "ಇವಳಿಗೆ ಲೆಕ್ಕ ಬರುವುದಿಲ್ಲವಾ? ನಾಲ್ಕು ವರ್ಷದಿಂದ ಇವಳ ಕಲ್ಲಿನ ಮೇಲೆಯೇ ದೊಡ್ಡ ಮನೆಯವರಿಗೆ ಅಕ್ಕಿ ಕೊಡ್ತಾ ಇದ್ದೇನೆ. ಒಂದು ಸೇರು ಹೆಚ್ಚು ಕಡಿಮೆ ಆಗ್ಲಿಲ್ಲ. ನಿಮ್ಮ ಶಾಲೆಯ ಲೆಕ್ಕ ಯಾವ ಊರಿನದ್ದು ಮಾರಾಯ್ರೇ?"

ಆಗುವುದಿಲ್ಲ ಎಂದು ಹೇಳಲು ಹೋದವಳು, "ಈ ಸಲ ಮಾಡಿಸ್ತೇನೆ" ಎಂದು ಹೇಳಿ ಬಂದೆ. ರೋಗ ಗೊತ್ತಾಯಿತಲ್ಲ, ಇನ್ನು ಮದ್ದು ಸುಲಭ ಎಂದು ನನ್ನ ಎಣಿಕೆ.

ಸೋಮವಾರ ನಾನೇ ಅಂಗಳದಿಂದ ಹತ್ತು ಕಲ್ಲು ಆರಿಸಿ, ತೊಳೆದು, ಅವಳ ಕೈಯಲ್ಲಿಟ್ಟೆ. ಹದಿನಾಲ್ಕಕ್ಕಲ್ಲ, ಹತ್ತಕ್ಕೊಂದು ಕಲ್ಲು ಇಡು ಎಂದೆ. ಅಷ್ಟೇ ವ್ಯತ್ಯಾಸ. ಅವಳಿಗೆ ಒಂದೇ ಮಾತಿನಲ್ಲಿ ಅರ್ಥವಾಯಿತು. ಅರ್ಥವಾದರೆ ಆಯಿತೇ? ಕೈ ಹದಿನಾಲ್ಕಕ್ಕೆ ಪಳಗಿತ್ತು. ಹತ್ತಕ್ಕೆ ಕಲ್ಲು ಇಡಲು ಮರೆತು ಹನ್ನೊಂದು, ಹನ್ನೆರಡು ಎಂದು ಮುಂದೆ ಹೋಗಿ, ಹದಿನಾಲ್ಕಕ್ಕೆ ಕಲ್ಲು ಇಟ್ಟು, ನಾಲಗೆ ಕಚ್ಚಿಕೊಳ್ಳುತ್ತಿದ್ದಳು. ಒಂದು ವಾರ ಇದೇ. ಎರಡನೇ ವಾರ ಹತ್ತಕ್ಕೆ ನಿಲ್ಲಲು ಬಂತು. ಮೂರು ಕಲ್ಲು, ಏಳು ಬೀಜ ಎಂದು ತೋರಿಸಲು ಬಂತು. "ಹಾಗಾದ್ರೆ ಎಷ್ಟು?" ಎಂದರೆ "ಮೂರು ಹತ್ತು, ಏಳು" ಎನ್ನುತ್ತಿದ್ದಳು. ಮೂವತ್ತೇಳು ಎಂಬ ಮಾತು ಬಾಯಿಗೆ ಬರುತ್ತಿರಲಿಲ್ಲ. ರಾಗದಲ್ಲಿ ಹೇಳುವ ಮೂವತ್ತೇಳು ಬೇರೆ, ಎದುರಿಗಿರುವ ಮೂರು ಹತ್ತು ಏಳು ಬೇರೆ. ಅವೆರಡನ್ನು ಜೋಡಿಸಬೇಕಾದ ಮೂರು ವರ್ಷಗಳನ್ನು ನಾವು ಅವಳ ಗೆಣ್ಣಿನ ಮೇಲೆ ಕಳೆದಿದ್ದೆವು.

"ಮೂರು ಹತ್ತು ಅಂದ್ರೆ ಮೂವತ್ತು. ಮೂವತ್ತರ ಮೇಲೆ ಏಳು?"

"ಮೂವತ್ತೇಳು."

"ಇಲ್ಲಿ ಈಗ ಎಷ್ಟುಂಟು?"

"ಮೂರು ಹತ್ತು, ಏಳು."

ಹೆಡ್ಮಾಸ್ಟ್ರು ತಟ್ಟಿಯ ಸಂದಿನಿಂದ ನೋಡಿ, "ಕಲ್ಲು ಬಿಡಿಸಿ ಟೀಚರೇ. ಇನ್‌ಸ್ಪೆಕ್ಟರು ಕಲ್ಲು ಗಿಲ್ಲು ಬಿಡುವುದಿಲ್ಲ. ಈ ವರ್ಷ ಒಂದನೆಯವರನ್ನು ತಾನೇ ಕೇಳ್ತೇನೆ ಅಂತ ಕಾಗದ ಬರೆದಿದ್ದಾರೆ" ಎಂದರು. ಮೂರನೇ ವಾರ ಕಲ್ಲು ಬಿಡಿಸಿ, ಬೀಜಗಳನ್ನೇ ಹತ್ತರ ಗುಂಪು ಮಾಡಿಸಿದೆ. ನಾಲ್ಕು ದಿನ ಸರಿಯಾಗಿ ಹೇಳಿದಳು. ಐದನೇ ದಿನ ಇಪ್ಪತ್ತೊಂಬತ್ತಕ್ಕೆ "ಎರಡು ಕಳಸೆ, ಒಂದು" ಎಂದು ಬಾಯಿತಪ್ಪಿ ಹೇಳಿ, ಬಾಯಿ ಮುಚ್ಚಿಕೊಂಡಳು.

ಇನ್‌ಸ್ಪೆಕ್ಟರರು ಘಟ್ಟದ ಮೇಲಿನವರು, ನಮ್ಮ ಕಡೆಗೆ ಹೊಸಬರು. ಒಂದನೆಯವರನ್ನು ಒಬ್ಬೊಬ್ಬರಾಗಿ ಮೇಜಿನ ಬಳಿಗೆ ಕರೆದರು. ಪರೀಕ್ಷೆಯ ಹೊತ್ತಿಗೆ ಶಿಕ್ಷಕರು ಕರಿಹಲಗೆಯ ಬಳಿ ನಿಲ್ಲಬೇಕು, ಮಾತಾಡಬಾರದು. ನಾನು ನಿಂತಿದ್ದೆ.

ಅವಳ ಸರದಿ ಬಂತು. ಓದು ಕೇಳಿ, "ಭೇಷ್" ಎಂದರು. ಬೀಜದ ಡಬ್ಬಿಯಿಂದ ಒಂದಷ್ಟು ಎಣಿಸಿ ತೆಗೆದು ಅವಳ ಮುಂದೆ ಸುರಿದು, "ಎಷ್ಟಿದೆ ನೋಡಿ ಹೇಳಮ್ಮ" ಎಂದರು.

ಅವಳು ಹತ್ತರ ಗುಂಪು ಮಾಡತೊಡಗಿದಳು. ನಾನು ನಿಂತಲ್ಲಿಂದ ಕಾಣುತ್ತಿತ್ತು. ಒಂದು ಗುಂಪು, ಎರಡು, ಮೂರು, ನಾಲ್ಕು. ಉಳಿದದ್ದು ಐದು. ಸರಿಯಾಗಿತ್ತು. ಇನ್ನು ನಲವತ್ತೈದು ಎಂದರೆ ಆಯಿತು, ಎರಡನೇ ತರಗತಿ.

ಅವಳು ಗುಂಪುಗಳನ್ನು ನೋಡಿದಳು. ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಗೋಡೆ ನೋಡಿದೆ. ನನ್ನ ಮುಖದಲ್ಲಿ ಉತ್ತರ ಕಾಣಿಸಬಾರದು, ಅದು ನಿಯಮ.

"ಹೂಂ? ಎಷ್ಟು?"

ಅವಳು ಎರಡೂ ಕೈಯಿಂದ ಎಲ್ಲ ಗುಂಪನ್ನೂ ಕಲಸಿದಳು. ಸರಿಯಾಗಿದ್ದದ್ದನ್ನು ಕಲಸಿ, ಮತ್ತೆ ಒಂದರಿಂದ ಎಣಿಸಿದಳು. ಈ ಸಲ ಬೇಗ ಬೇಗ, ತುಟಿ ಆಡಿಸದೆ, ತನಗೆ ನಂಬಿಕೆ ಇದ್ದ ರೀತಿಯಲ್ಲಿ. ಮೂರು ಗುಂಪಾಯಿತು, ಮೂರು ಬೀಜ ಉಳಿಯಿತು. ಬೆನ್ನು ನೆಟ್ಟಗೆ ಮಾಡಿ, ಗಟ್ಟಿಯಾಗಿ ಹೇಳಿದಳು:

"ಒಂದು ಮುಡಿ, ಮೂರು ಸೇರು."

"ಏನು?"

"ಒಂದು ಮುಡಿ, ಮೂರು ಸೇರು ಸಾರ್."

"ಏನಮ್ಮ ಇದು, ಹುಣಸೆಬೀಜ ಎಣಿಸು ಅಂದ್ರೆ ಸೇರು ಗೀರು ಅಂತೀಯಲ್ಲ? ಐವತ್ತರವರೆಗೂ ಎಣಿಸೋಕೆ ಬರಲ್ವಾ?" ಅವರು ಸಿಟ್ಟಿನಿಂದ ಹೇಳಲಿಲ್ಲ, ಬೇಸರದಿಂದ ಹೇಳಿದರು. ಪಟ್ಟಿಯಲ್ಲಿ ಗುರುತು ಹಾಕಿ ಮುಂದಿನವನನ್ನು ಕರೆದರು. ಅವಳು ಹಲಗೆಗೆ ಹೋಗಿ ಕೂತಳು. ಆಚೆಯಿಂದ ಹೆಡ್ಮಾಸ್ಟ್ರು ನನ್ನ ಕಡೆ ನೋಡಿದರು. ನಾನು ಬಾಯಿ ಬಿಡಲಿಲ್ಲ.

ಮಧ್ಯಾಹ್ನ ಇನ್‌ಸ್ಪೆಕ್ಟರರಿಗೆ ಎಳನೀರಿನ ಬೊಂಡ ಕೆತ್ತಿ ಕೊಟ್ಟ ಮೇಲೆ ನಾನು ಎಲ್ಲವನ್ನೂ ಹೇಳಿದೆ. ಕಳಸೆ, ಮುಡಿ, ಕಲ್ಲು, ನಲವತ್ತೆರಡು ಮತ್ತು ಮೂರು. ಅವರು ಬೆರಳಿನಲ್ಲಿ ಲೆಕ್ಕ ಹಾಕಿ ನೋಡಿದರು.

"ಅಂದ್ರೆ ಸರಿಯಾಗೇ ಎಣಿಸಿದಾಳೆ?"

"ಸರಿಯಾಗಿ ಎಣಿಸಿದ್ದಾಳೆ."

"ನೀವು ಅಲ್ಲೇ ನಿಂತಿದ್ರಲ್ಲ ಟೀಚರ್, ಆಗಲೇ ಹೇಳಬಾರದಿತ್ತೇ? ನಾನೇನು ಹುಲಿಯೇ? ಈಗ ಪಟ್ಟಿಗೆ ಸಹಿ ಹಾಕಿ ಹೆಡ್‌ಮಾಸ್ಟರ ಕೈಗೆ ಕೊಟ್ಟಾಯ್ತು. ತಿದ್ದಿದ್ರೆ ಮೇಲಿನವರು ನನ್ನನ್ನ ಕೇಳ್ತಾರೆ." ಖಾಲಿ ಬೊಂಡ ಬದಿಗಿಟ್ಟು, "ಅಲ್ಲದೆ ಈ ಮುಡಿ ಕಳಸೆ ಎಲ್ಲ ಇನ್ನೆಷ್ಟು ದಿನ? ಲೀಟರು, ಕಿಲೋ ಬರ್ತಾ ಇದೆ. ಎಲ್ಲ ಹತ್ತರ ಲೆಕ್ಕ. ಮುಂದಿನ ವರ್ಷ ಕೂರಿಸಿ, ತಾನಾಗಿ ಬರುತ್ತೆ" ಎಂದರು.

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಒಂದು ಮಾತು, "ಸಾರ್, ಅದು ನಲವತ್ತೈದು" ಎಂಬ ಮಾತು, ಬೆಳಿಗ್ಗೆ ಹೇಳಿದ್ದರೆ ಆಗುತ್ತಿತ್ತು. ಹೇಳಬಾರದೆಂದು ಯಾರೂ ನನ್ನ ಬಾಯಿಗೆ ಕೈ ಅಡ್ಡ ಇಟ್ಟಿರಲಿಲ್ಲ. ಇಡೀ ಬೇಸಿಗೆ ರಜೆ ಮೂಡುಬಿದಿರೆಯಲ್ಲಿ ಇದೇ ಯೋಚನೆ. ಉಪ್ಪಿನಕಾಯಿಯ ಮಿಡಿ ತೊಟ್ಟು ತೆಗೆದು ಎಣಿಸುವಾಗ ನನಗೇ ಗೊತ್ತಾಗದೆ ಹದಿನಾಲ್ಕಕ್ಕೆ ನಿಂತು, ಅಮ್ಮನಿಂದ "ಎಂತ ಧ್ಯಾನ?" ಎಂದು ಕೇಳಿಸಿಕೊಂಡೆ.

ಜೂನ್ ತಿಂಗಳಲ್ಲಿ ಶಾಲೆ ತೆರೆಯಿತು. ಬಾಗಿಲಲ್ಲಿ ಅವಳಿರಲಿಲ್ಲ. ನೀರುಕಡ್ಡಿ ಇಲ್ಲದೆ ಮಕ್ಕಳು ಸ್ಲೇಟಿಗೆ ಉಗುಳಿ ಒರೆಸಿದರು. ಒಂದು ವಾರ ಕಾದೆ. ಎರಡನೇ ಸೋಮವಾರ ಶಾಲೆ ಬಿಟ್ಟ ಮೇಲೆ ಕೊಡೆ ಹಿಡಿದು ಅವಳ ಮನೆಗೆ ಹೋದೆ.

ಅಜ್ಜಿ ಜಗಲಿಯಲ್ಲಿದ್ದರು. ಕೂರಿ ಎಂದರು, ಬೆಲ್ಲ ನೀರು ಕೊಟ್ಟರು. ಮರ್ಯಾದೆಗೆ ಕಡಿಮೆ ಇಲ್ಲ.

"ಕಳಿಸಿ ಅಜ್ಜಿ."

"ಯಾವ ಕ್ಲಾಸಿಗೆ?"

ನಾನು ಬೆಲ್ಲ ನೀರಿನ ಲೋಟ ಕೆಳಗಿಟ್ಟೆ.

"ಒಂದಕ್ಕೇ ಅಲ್ವಾ? ನಾಲ್ಕನೇ ವರ್ಷ. ಆ ಹಲಗೆ ಇವಳ ಕೂತದ್ದಕ್ಕೇ ಸವೆದು ಹೋಗಿರಬೇಕು. ನಾನು ಆವತ್ತೇ ಹೇಳಿದ್ದೆ ಟೀಚರಮ್ಮ. ಮಾತು ಅಂದ್ರೆ ಮಾತು."

ಹುಡುಗಿ ಒಳಬಾಗಿಲಲ್ಲಿ ನಿಂತಿದ್ದಳು. ಕೈಗೆಲ್ಲ ತೌಡು. "ನಿನಗೆ ಬರ್ಲಿಕ್ಕೆ ಮನಸ್ಸುಂಟಾ?" ಎಂದು ಕೇಳಿದೆ.

"ಎರಡಕ್ಕಾದ್ರೆ ಬರ್ತೇನೆ" ಎಂದಳು. ಅಜ್ಜಿಯನ್ನು ನೋಡಲಿಲ್ಲ, ನನ್ನನ್ನೇ ನೋಡಿ ಹೇಳಿದಳು.

ಸಹಿಯಾದ ಪಟ್ಟಿಯ ವಿರುದ್ಧ ಒಬ್ಬ ಸಹಾಯಕ ಶಿಕ್ಷಕಿ ಮಗುವನ್ನು ಮೇಲಕ್ಕೆ ಹಾಕುವ ಹಾಗಿಲ್ಲ. ಅದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

"ಎರಡಕ್ಕೇ ಬಾ" ಎಂದೆ. "ನಾಳೆ ಹತ್ತಕ್ಕೆ ಐದು ನಿಮಿಷ ಇರುವಾಗ."

ಹೆಡ್ಮಾಸ್ಟ್ರಿಗೆ ಹೇಳಿದಾಗ ಅವರು ತಾಂಬೂಲ ಉಗುಳಿ ಬಂದು, "ನೀವಾ ಟೀಚರೇ ಇದನ್ನು ಹೇಳುವುದು?" ಎಂದರು. ಎರಡು ತರಗತಿಯೂ ನನ್ನ ಕಡೆಯಲ್ಲೇ ಇದೆ, ಹೆಸರು ಒಂದರಲ್ಲಿರಲಿ, ಅವಳು ಮುಂದಿನ ಹಲಗೆಯಲ್ಲಿ ಕೂರಲಿ, ವರ್ಷದ ಕೊನೆಗೆ ಕೇಳುವವರು ಕೇಳಲಿ ಎಂದೆ. "ನಾನು ತಟ್ಟಿಯ ಆಚೆಯವ, ನನಗೆ ಕಾಣುವುದಿಲ್ಲ" ಎಂದರು ಅವರು. ಅದಕ್ಕಿಂತ ಹೆಚ್ಚು ಅವರಿಂದ ನಾನು ಬಯಸಿರಲಿಲ್ಲ.

ಮರುದಿನ ಅವಳು ಬಂದಳು. ಹಾಜರಿ ಕರೆಯುವಾಗ ಒಂದನೆಯವರ ಪಟ್ಟಿಯಲ್ಲಿ ಅವಳ ಹೆಸರು ಕೂಗಿದೆ. ಎರಡನೆಯವರ ಹಲಗೆಯಿಂದ ಉತ್ತರ ಬಂತು. ಮಕ್ಕಳು ತಿರುಗಿ ನೋಡಿದರು. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ಆ ವರ್ಷ ಇನ್ನೂರು ದಿನವೂ ಹಾಗೆಯೇ ಆಯಿತು.

ಗಣಿತದ ಅವಧಿ ಹತ್ತೂಮುಕ್ಕಾಲಕ್ಕೆ. ಎರಡನೆಯವರಿಗೆ ಕೂಡಿಸುವ ಲೆಕ್ಕ. ಎಂಟು ಬೀಜಕ್ಕೆ ಒಂಬತ್ತು ಬೀಜ ಸೇರಿಸಿ ಎಂದೆ. ಉಳಿದವರು ಇನ್ನೂ ಬೀಜ ಆರಿಸುತ್ತಿರುವಾಗಲೇ ಅವಳು ಕೈ ಎತ್ತಿದಳು.

"ಒಂದು ಕಳಸೆ, ಮೂರು."

ಹಿಂದಿನ ಹಲಗೆಯವರು ನಕ್ಕರು. ನನ್ನ ಕೈ ರೂಲು ದೊಣ್ಣೆಯ ಕಡೆಗೆ ಹೋದದ್ದು ನಿಜ. ಅದನ್ನು ತೆಗೆದು ಕಪಾಟಿನ ಮೇಲಿಟ್ಟು, ಅವಳ ಎದುರಿಗೆ ನೆಲದಲ್ಲಿ ಕೂತೆ.

"ಸರಿ. ಆ ಕಳಸೆಯಿಂದ ನಾಲ್ಕು ಸೇರು ಹೊರಗೆ ತೆಗೆ."

ಅವಳು ನಾಲ್ಕು ಬೀಜ ಸರಿಸಿದಳು.

"ಕಳಸೆಯಲ್ಲಿ ಎಷ್ಟು ಉಳಿಯಿತು?"

"ಹತ್ತು."

"ಹೊರಗೆ?"

"ನಾಲ್ಕು, ಮೂರು... ಏಳು."

"ಹತ್ತು ಮತ್ತೆ ಏಳು. ಒಂದು ಹೆಸ್ರಿನಲ್ಲಿ ಹೇಳು."

ಅವಳು ಬೀಜವನ್ನೇ ನೋಡುತ್ತಾ ಕೂತಳು. ಮೂವತ್ತು ನಿಮಿಷದ ಅವಧಿಯಲ್ಲಿ ಹನ್ನೊಂದು ನಿಮಿಷ ಅಲ್ಲೇ ಹೋಯಿತು. ಒಂದನೆಯವರು ಗಲಾಟೆ ಮಾಡುತ್ತಿದ್ದರು. ಯಾರೋ ಬೀಜದ ಡಬ್ಬಿ ಕವುಚಿದರು. ನಾನು ಏಳಲಿಲ್ಲ.

"ಹದಿನೇಳು" ಎಂದಳು.

"ಎಲ್ಲಿ, ಇನ್ನೊಮ್ಮೆ. ಈಗ ಒಂಬತ್ತಕ್ಕೆ ಒಂಬತ್ತು."